ಹಳೆಯ ಗಣಕ ಗುಜರಿಗಲ್ಲ

ತಮಿಳುನಾಡು ಸರಕಾರ 2011ರಿಂದ ವಿದ್ಯಾರ್ಥಿಗಳಿಗೆ ಹಂಚಿದ ಉಚಿತ ಲ್ಯಾಪ್‌ಟಾಪುಗಳು ಸೂಳಗಿರಿಯಂತಹ ಗಡಿಯೂರುಗಳಿಗೂ ತಲುಪಿದವು. ಇಂತಹ ಹಳೆಯ ಗಣಕಕ್ಕೆ ವಿಂಡೋಸ್ 11 ಹಾಕಹೊರಟರೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲವೆಂದು ಕೆಲಸ ಆರಂಭದಲ್ಲೇ ನಿಲ್ಲುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಯಂತ್ರ ಸತ್ತಿಲ್ಲ; ಹಗುರವಾದ ಲಿನಕ್ಸ್ ಅದರಲ್ಲಿ ಇನ್ನೂ ಓಡೀತು.

ಡಿಸ್ಕನ್ನು ಅಳಿಸುವ ಅವಸರ ಬೇಡವೆಂಬುದೇ ನಮ್ಮ ಮಾತು. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಚಾಲೂ ಮಾಡಿ, ಒಳಗಿರುವ ಫೋಟೊ, ಕನ್ನಡ ಬರಹಗಳನ್ನು ಮೊದಲು ಉಳಿಸಿಕೊಳ್ಳಬೇಕು. ಯಂತ್ರವು ಪೆನ್‌ಡ್ರೈವನ್ನು ಗುರುತಿಸದಿದ್ದರೆ ಬಯೋಸ್‌ನಲ್ಲಿ ‘ಲೆಗಸಿ’, ‘ಯುಇಎಫ್‌ಐ’ ಎರಡನ್ನೂ ಬದಲಿಸಿ ನೋಡಬೇಕು.

ಇಂತಹ ಒಂದು ಪೆನ್‌ಡ್ರೈವನ್ನೂ ಬಲ್ಲವರೊಬ್ಬರನ್ನೂ ಗಡಿಯ ಕನ್ನಡ ಶಾಲೆಗಳು, ಸಂಘಗಳು ಒದಗಿಸಲಿ. ಯಂತ್ರ ಮತ್ತೆ ಕೊಳ್ಳಬಹುದು. ಅಳಿದ ಬರಹ ಮರಳುವುದು ಕಷ್ಟ. ಗಡಿನಾಡಿನ ನಮಗೆ ಕನ್ನಡದ ಒಂದೊಂದು ಪುಟವೂ ಬೇಕು.