ಹಬ್ಬದ ಉಡುಗೊರೆ: ಪ್ರೀತಿಯೋ, ಪ್ರತಿಷ್ಠೆಯೋ?

ವಿಜಯದಶಮಿಯ ಸಾಯಂಕಾಲ ಉತ್ತರ ಕರ್ನಾಟಕದ ಊರೂರುಗಳಲ್ಲಿ ಕಿರಿಯರು ಹಿರಿಯರ ಕೈಗೆ ನಾಲ್ಕು ಬನ್ನಿಯ ಎಲೆಗಳನ್ನಿತ್ತು ಪಾದ ಮುಟ್ಟಿ ನಮಸ್ಕರಿಸುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂಬುದು ಅಂದು ಬಾಯಿಂದ ಬಾಯಿಗೆ ಸಾಗುವ ಮಾತು. ವರುಷವೆಲ್ಲ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರೂ ಆ ಎಲೆಯ ನೆಪದಲ್ಲಿ ಒಬ್ಬರ ಹೊಸ್ತಿಲನ್ನೊಬ್ಬರು ದಾಟುವುದುಂಟು. ಕಾಸಿನ ಬೆಲೆಯಿಲ್ಲದ ಎಲೆ ಬಂಗಾರವೆನಿಸುವುದು ಕೊಡುವವರ ಭಾವದಿಂದ, ಕೊಳ್ಳುವವರ ಗೌರವದಿಂದ. ಉಡುಗೊರೆಯ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಬೋಧಿಸುವ ಆಚರಣೆ ವಿರಳ. ಆದರೆ ಇದೇ ಜನ ಮೂರು ವಾರ ಕಳೆಯುವುದರೊಳಗೆ ದೀಪಾವಳಿ ಬಂದೊಡನೆ ಎಲೆಯನ್ನು ಮರೆತು ಪೆಟ್ಟಿಗೆಯ ಆರಾಧನೆಗೆ ತೊಡಗುವುದು ಸೋಜಿಗದ ಸಂಗತಿಯಾಗಿದೆ.

ಇಂದಿನ ದೀಪಾವಳಿಯ ಉಡುಗೊರೆಯ ಸ್ವರೂಪವನ್ನು ನೋಡೋಣ. ನಾಲ್ಕು ಹಿಡಿ ಗೋಡಂಬಿ, ಬಾದಾಮಿ, ಒಣದ್ರಾಕ್ಷಿ. ಅವುಗಳ ಸುತ್ತ ಮಖಮಲ್ಲಿನ ಹೊದಿಕೆ, ಪ್ಲಾಸ್ಟಿಕ್ ತಟ್ಟೆ, ಹೊಳೆಯುವ ಕಾಗದ, ಜರಿಯ ದಾರ. ತಿನ್ನುವ ಪದಾರ್ಥಕ್ಕಿಂತ ಎಸೆಯುವ ಪದಾರ್ಥವೇ ಹೆಚ್ಚು. ಗುತ್ತಿಗೆದಾರನಿಂದ ಅಧಿಕಾರಿಗೆ, ವರ್ತಕನಿಂದ ಗಿರಾಕಿಗೆ, ಬೀಗರಿಂದ ಬೀಗರಿಗೆ ಈ ಪೆಟ್ಟಿಗೆ ಸಂಚರಿಸುತ್ತದೆ. ಬಂದ ಪೆಟ್ಟಿಗೆಯನ್ನು ತೆರೆಯದೆಯೇ, ಹೆಸರಿನ ಚೀಟಿಯನ್ನಷ್ಟೇ ಬದಲಿಸಿ, ಮತ್ತೊಂದು ಮನೆಗೆ ಸಾಗಿಸುವ ಜಾಣತನವೂ ಬೆಳೆದಿದೆ. ಹೀಗೆ ಮನೆಯಿಂದ ಮನೆಗೆ ಅಲೆಯುವ ವಸ್ತುವನ್ನು ಪ್ರೀತಿಯ ಕುರುಹೆಂದು ಕರೆಯುವುದಾದರೂ ಹೇಗೆ? ಅದು ಪ್ರತಿಷ್ಠೆಗೆ ತೆರುವ ಕಂದಾಯವಲ್ಲದೆ ಮತ್ತೇನೂ ಅಲ್ಲ.

ಈ ಕಂದಾಯದ ಭಾರ ಬೀಳುವುದು ಮಧ್ಯಮ ವರ್ಗದ ಗೃಹಸ್ಥನ ಹೆಗಲಿಗೆ. ಸಾವಿರ ರೂಪಾಯಿಯ ಪೆಟ್ಟಿಗೆಯನ್ನು ಇಪ್ಪತ್ತು ಮನೆಗಳಿಗೆ ಕಳುಹಿಸಿದರೆ 20,000 ರೂಪಾಯಿ ಆಯಿತು. ಬರೆಯುವ ಪುಸ್ತಕವೊಂದಕ್ಕೆ 50 ರೂಪಾಯಿ ಎಂದು ಹಿಡಿದರೂ ಅದೇ ಹಣದಲ್ಲಿ 400 ಪುಸ್ತಕಗಳು ಬರುತ್ತವೆ. ಹಳ್ಳಿಯ ಒಂದು ಶಾಲೆಯ ನೂರು ಮಕ್ಕಳಿಗೆ ತಲಾ ನಾಲ್ಕು ಸಿಗುತ್ತವೆ. ಲೆಕ್ಕ ಇಷ್ಟು ಸರಳವಾಗಿದ್ದರೂ ನಾವು ಅದನ್ನು ಮಾಡುವುದಿಲ್ಲ. ಏಕೆಂದರೆ ಆ ಮಕ್ಕಳು ಮರಳಿ ಪೆಟ್ಟಿಗೆ ಕಳುಹಿಸಲಾರರು!

ದೋಷದ ಮೂಲ ಇಲ್ಲಿಯೇ ಇದೆ. ಮರಳಿ ಕೊಡಬಲ್ಲವರಿಗೇ ನಾವು ಕೊಡುತ್ತೇವೆ. ಉಳ್ಳವರ ಮನೆಗೇ ಉಡುಗೊರೆ ಹರಿಯುತ್ತದೆ. ಹಬ್ಬದ ಮರುದಿನ ಸುಟ್ಟ ಪಟಾಕಿಯ ಕಸವನ್ನೂ ಹರಿದ ಪೆಟ್ಟಿಗೆಗಳ ರಾಶಿಯನ್ನೂ ನಸುಕಿನಲ್ಲಿಯೇ ಎತ್ತುವ ಪೌರಕಾರ್ಮಿಕ ತಾಯಂದಿರಿಗೆ ಎಷ್ಟು ಮನೆಗಳು ಒಂದು ಸೀರೆಯನ್ನು ಕೊಟ್ಟಿವೆ? ವರುಷವಿಡೀ ಮುಸುರೆ ತಿಕ್ಕುವ ಹೆಣ್ಣುಮಗಳಿಗೆ ಹಬ್ಬದ ದಿನ ಉಳಿದ ಹೋಳಿಗೆಯನ್ನಿತ್ತು ಕೈತೊಳೆದುಕೊಳ್ಳುವವರು, ಬೀಗರ ಮನೆಗೆ ಮಾತ್ರ ಬೆಳ್ಳಿಯ ಬಟ್ಟಲನ್ನೇ ಹುಡುಕುತ್ತಾರೆ. ಇದನ್ನು ಔದಾರ್ಯವೆನ್ನಲಾಗದು.

‘ನಾವು ಕೊಡದಿದ್ದರೆ ಸಂಬಂಧ ಕೆಡುತ್ತದೆ’ ಎಂದು ಕೆಲವರು ಹೇಳಿಯಾರು. ಪೆಟ್ಟಿಗೆ ಬರಲಿಲ್ಲವೆಂದು ಕೆಡುವ ಸಂಬಂಧ ಅದಕ್ಕೆ ಮೊದಲೇ ಕೆಟ್ಟಿತ್ತೆಂದು ತಿಳಿಯಬೇಕು. ‘ಕೊಳ್ಳದಿದ್ದರೆ ವ್ಯಾಪಾರಿಗಳ ಗತಿಯೇನು?’ ಎಂದು ಮತ್ತೆ ಕೆಲವರು ಕೇಳಿಯಾರು. ಕೊಳ್ಳಬೇಡಿರೆಂದು ನಾವು ಹೇಳುತ್ತಿಲ್ಲ. ಯಾರ ಕೈಯ ದುಡಿಮೆಯನ್ನು ಕೊಳ್ಳುತ್ತೀರಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಕರ್ನಾಟಕದಲ್ಲಿ ಸುಲಭ ಬೆಲೆಯ, ಸಾರ್ಥಕವಾದ ಉಡುಗೊರೆಗಳಿಗೆ ಕೊರತೆಯಿಲ್ಲ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಬೊಂಬೆ ಮಗುವಿನ ಕೈಗೆ ಒಪ್ಪುತ್ತದೆ. ಗುಳೇದಗುಡ್ಡದ ಖಣ ಅಕ್ಕತಂಗಿಯರಿಗೆ ಕೊಡಲು ಯೋಗ್ಯವಾದುದು. ಶಕ್ತಿಯುಳ್ಳವರು ಇಳಕಲ್ಲಿನ ಕೈಮಗ್ಗದ ಸೀರೆಯನ್ನೋ ನವಲಗುಂದದ ಜಮಖಾನೆಯನ್ನೋ ಕೊಡಬಹುದು. ಇನ್ನು ಖಾದಿಯ ಮಾತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ತಯಾರಿಸುವ ಹಿರಿಮೆಯುಳ್ಳದ್ದು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್ ತಿಂಗಳಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆತ ಮೇಲೆ ಕೈನೂಲಿನ ಧ್ವಜಕ್ಕೆ ಪೈಪೋಟಿ ಎದುರಾಯಿತು. ಸರಕಾರದ ನೀತಿಯನ್ನು ಟೀಕಿಸುವುದು ಸುಲಭ. ಖಾದಿಯ ಎರಡು ಟವೆಲುಗಳನ್ನು ಕೊಂಡು ಗೆಳೆಯನಿಗೆ ಕೊಡುವುದು ಅದಕ್ಕಿಂತಲೂ ಸುಲಭ. ಗಾಂಧಿ ಜಯಂತಿಯ ನಂತರ ಖಾದಿ ಭಂಡಾರಗಳಲ್ಲಿ ರಿಯಾಯಿತಿ ದೊರೆಯುವ ವಾಡಿಕೆಯೂ ಇದೆ. ಒಂದು ಒಳ್ಳೆಯ ಕನ್ನಡ ಪುಸ್ತಕವಂತೂ ಪೆಟ್ಟಿಗೆಯ ಕಾಲುಭಾಗದ ಬೆಲೆಗೆ ಸಿಗುತ್ತದೆ, ಓದಿದಷ್ಟೂ ಮುಗಿಯದು.

ಇದಕ್ಕೂ ಮೇಲಾದುದು ಗೆಳೆಯನ ಅಥವಾ ಬಂಧುವಿನ ಹೆಸರಿನಲ್ಲಿ ಇಲ್ಲದವರಿಗೆ ಕೊಡುವುದು. ‘ಈ ಸಲ ನಿಮಗೆ ಪೆಟ್ಟಿಗೆ ಕಳುಹಿಸಲಿಲ್ಲ, ಆ ಹಣದಲ್ಲಿ ನಿಮ್ಮೂರ ಶಾಲೆಗೆ ಪುಸ್ತಕ ಕೊಟ್ಟಿದ್ದೇವೆ’ ಎಂದು ಒಂದು ಸಾಲಿನ ಪತ್ರ ಬರೆದರೆ ಬೇಸರಿಸುವ ಸಜ್ಜನರು ಯಾರಿದ್ದಾರೆ? ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತು ಬಾಳು ಕಟ್ಟಿಕೊಂಡರು. ಸಿದ್ಧಗಂಗೆಯಲ್ಲಿ ಸಾವಿರಾರು ವಿದ್ಯಾರ್ಥಿಗಳು ದಿನವೂ ಉಂಡು ಓದುತ್ತಾರೆ. ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯಾರ್ಥಿಗಳಿಗಾಗಿ ಉಯಿಲು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಅಂತಹ ಮಹಾದಾನ ಎಲ್ಲರಿಂದಲೂ ಆಗದು, ನಿಜ. ಆದರೆ ಪ್ರಸಾದನಿಲಯಗಳ ಒಲೆ ಆರದಂತೆ ಕಾದುದು ಬರಿಯ ಮಹಾದಾನವಲ್ಲ; ಮನೆಮನೆಯ ತಾಯಂದಿರು ಜೋಳಿಗೆಗೆ ಹಾಕಿದ ಹಿಡಿ ಜೋಳ. ಆ ಜೋಳವನ್ನುಂಡು ಪದವಿ ಪಡೆದ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಪರೋಪಕಾರದಲ್ಲಿಯೂ ಪ್ರತಿಷ್ಠೆ ನುಸುಳದಂತೆ ಎಚ್ಚರ ಬೇಕು. ಒಂದು ಟ್ಯೂಬ್‌ಲೈಟನ್ನು ಕೊಟ್ಟು, ಬೆಳಕೇ ಹೊರಬೀಳದಷ್ಟು ದೊಡ್ಡ ಅಕ್ಷರಗಳಲ್ಲಿ ಅದರ ಮೇಲೆ ಹೆಸರು ಬರೆಸಿಕೊಳ್ಳುವ ದಾನಿಗಳನ್ನು ನಾವೆಲ್ಲ ನೋಡಿದ್ದೇವೆ. ನಾಲ್ಕು ಕಂಬಳಿ ಹಂಚಿ ಹತ್ತು ಭಾವಚಿತ್ರ ತೆಗೆಸಿಕೊಳ್ಳುವವರಿಗೂ ಕೊರತೆಯಿಲ್ಲ. ಪಡೆಯುವ ಮುದುಕಿಯ ಮುಖದ ಸಂಕೋಚ ಆ ಚಿತ್ರದಲ್ಲಿ ಎದ್ದು ಕಾಣುತ್ತದೆ. ಕೊಡುವವರ ಕಣ್ಣಿಗೆ ಮಾತ್ರ ಅದು ಬೀಳುವುದಿಲ್ಲ. 12ನೆಯ ಶತಮಾನದ ಶರಣರು ದಾನಕ್ಕಿಂತ ದಾಸೋಹವನ್ನು ಹಿರಿದೆಂದು ಎಣಿಸಿದ್ದು ಈ ಕಾರಣಕ್ಕಾಗಿಯೇ. ದಾನದಲ್ಲಿ ಕೊಡುವೆನೆಂಬ ಅಹಂ ಉಳಿಯಬಹುದು. ದಾಸೋಹದಲ್ಲಿ ಕೊಡುವವನೇ ದಾಸ.

ಈ ಮಾತನ್ನು ಭಕ್ತರಿಗೆ ಹೇಳಿ ಮಠಗಳು ಸುಮ್ಮನಿರುವಂತಿಲ್ಲ. ನಮ್ಮ ಮಠಮಾನ್ಯಗಳ ವೇದಿಕೆಗಳಲ್ಲಿ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿಗಳ ಮೆರವಣಿಗೆಯೇ ಅರ್ಧ ಸಭೆಯನ್ನು ನುಂಗುತ್ತದೆ. 2021ರ ಆಗಸ್ಟ್ ತಿಂಗಳಲ್ಲಿ ಕರ್ನಾಟಕ ಸರಕಾರವು ಸುತ್ತೋಲೆ ಹೊರಡಿಸಿ, ಸರಕಾರಿ ಸಮಾರಂಭಗಳಲ್ಲಿ ಹಾರತುರಾಯಿ, ಶಾಲು, ಹಣ್ಣಿನ ಬುಟ್ಟಿಗಳನ್ನು ಕೈಬಿಟ್ಟು ಕನ್ನಡ ಪುಸ್ತಕಗಳನ್ನು ಕೊಡಬಹುದೆಂದು ತಿಳಿಸಿತು. ಭೋಗದ ನಡುವಿನ ಆಡಳಿತಕ್ಕೆ ಹೊಳೆದ ಈ ವಿವೇಕ ತ್ಯಾಗದ ಪೀಠಗಳಿಗೆ ಹೊಳೆಯಬಾರದೆ? ಸ್ವಾಮಿಗಳ ಹೆಗಲ ಮೇಲೆ ಹತ್ತನೆಯ ಶಾಲು ಬೀಳುವಾಗ ಪ್ರಸಾದನಿಲಯದ ಹುಡುಗನೊಬ್ಬ ಚಳಿಯಲ್ಲಿ ಮಲಗಿದ್ದರೆ, ಆ ಶಾಲಿನ ಬಿಸುಪು ಯಾರಿಗೆ ಬೇಕು? ಆದುದರಿಂದ ನಮ್ಮಲ್ಲಿಗೆ ಬರುವ ಭಕ್ತರು ಹಾರ, ಶಾಲುಗಳನ್ನು ತರಬಾರದು. ತರಲೇಬೇಕೆನಿಸಿದರೆ ಮಕ್ಕಳಿಗೊಂದು ಪುಸ್ತಕವನ್ನೋ ಹೊದಿಕೆಯನ್ನೋ ತಂದು, ಹೆಸರು ಹೇಳದೆ ಇಟ್ಟು ಹೋಗಲಿ.

ಮಲೆನಾಡಿನ ಹಳ್ಳಿಗಳಲ್ಲಿ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯ ತಂಡಗಳು ಹಾಡುತ್ತ ಮನೆಮನೆಗೆ ಜ್ಯೋತಿಯನ್ನು ಒಯ್ಯುತ್ತವೆ. ಮನೆಯವರು ಆ ದೀಪಕ್ಕೆ ಎಣ್ಣೆಯೆರೆಯುತ್ತಾರೆ, ಕೈಲಾದುದನ್ನು ಕೊಡುತ್ತಾರೆ. ದೀಪ ಮುಂದಿನ ಮನೆಗೆ ಸಾಗುತ್ತದೆ. ಉಡುಗೊರೆ ಹಾಗೆ ಸಾಗಬೇಕು: ಬೆಳಕಿದ್ದ ಮನೆಯಿಂದ ಬೆಳಕಿಲ್ಲದ ಮನೆಗೆ. ಈ ಸಲದ ದೀಪಾವಳಿಗೆ ಪ್ರತಿಯೊಂದು ಮನೆಯವರೂ ತಾವು ಕಳುಹಿಸಬೇಕೆಂದಿರುವ ಪೆಟ್ಟಿಗೆಗಳ ಪಟ್ಟಿಯನ್ನು ತೆಗೆದು, ಅದರಲ್ಲಿ ಅರ್ಧದಷ್ಟು ಹೆಸರುಗಳ ಬದಲಿಗೆ ಮರಳಿ ಕೊಡಲಾರದವರ ಹೆಸರುಗಳನ್ನು ಬರೆದುಕೊಳ್ಳಲಿ.