ಕೇದಾರಕ್ಕೆ ನಾಲ್ಕು ಟಿಕೆಟ್

ನಮ್ಮ ಅತ್ತೆಗೆ 71 ವರ್ಷ. ಕೇದಾರನಾಥನ ದರ್ಶನ ಮಾಡಬೇಕೆಂಬುದು ಅವರ ಬಹುಕಾಲದ ಆಸೆ. ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್ ಏರುದಾರಿ. ಅತ್ತೆಯ ಮಂಡಿನೋವಿಗೆ ನಮ್ಮ ಮನೆಯ ಮಹಡಿ ಮೆಟ್ಟಿಲೇ ಒಂದು ಬೆಟ್ಟ. ಹಾಗಾಗಿ ಬೇಸಿಗೆ ರಜೆಯಲ್ಲಿ ಹೆಲಿಕಾಪ್ಟರ್‌ನಲ್ಲೇ ಹೋಗೋಣ ಎಂದು ಮನೆಯಲ್ಲಿ ತೀರ್ಮಾನವಾಯಿತು. ಟಿಕೆಟ್ ಮಾಡಿಸುವ ಕೆಲಸ ನನ್ನದು. ಕರೆಂಟ್ ಬಿಲ್ಲು, ಗ್ಯಾಸು, ಮಗಳ ಸ್ಕೂಲ್ ಫೀಸು ಎಲ್ಲ ಫೋನಿನಲ್ಲೇ ಕಟ್ಟುವವಳು ನಾನಲ್ಲವೇ!

ಫೋನಿನಲ್ಲಿ ‘ಕೇದಾರನಾಥ ಹೆಲಿಕಾಪ್ಟರ್ ಟಿಕೆಟ್’ ಎಂದು ಹುಡುಕಿದೆ. ಮೊದಲು ಬಂದದ್ದನ್ನೇ ಒತ್ತಿದೆ. ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಎಂದು ಪಕ್ಕದಲ್ಲೇ ಸಣ್ಣದಾಗಿ ಬರೆದಿತ್ತಂತೆ, ನಾನು ನೋಡಲಿಲ್ಲ. ದೇವಸ್ಥಾನದ ಚಿತ್ರ, ಹಿಮದ ಬೆಟ್ಟ, ಬೀಗದ ಗುರುತು ಎಲ್ಲವೂ ಇದ್ದವು. ದರವೂ ಅನುಮಾನ ಬರುವಷ್ಟು ಕಡಿಮೆ ಇರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಉತ್ತರಿಸಿದ ಹುಡುಗನಂತೂ ಬಹಳ ವಿನಯವಂತ. ‘ಮಾತಾಜಿಗೆ ಮುಂದಿನ ಸೀಟೇ ಕೊಡಿಸುತ್ತೇನೆ, ಮೇಡಂ. ಆದರೆ ಆ ದಿನಕ್ಕೆ ಉಳಿದಿರುವುದು ಐದೇ ಸೀಟು’ ಎಂದ. ಮುಂಗಡ 14,000 ರೂಪಾಯಿ ಕಳಿಸಿಬಿಟ್ಟೆ.

ಹತ್ತು ನಿಮಿಷಕ್ಕೆ ಮತ್ತೆ ಸಂದೇಶ. ವಿಮೆಗೆಂದು 9,000 ಕಟ್ಟಬೇಕು, ಪ್ರಯಾಣ ಮುಗಿದ ಮೇಲೆ ವಾಪಸ್ ಬರುತ್ತದೆ ಅಂತ. ಕಳಿಸಲು ಹೊರಟಾಗ ಪಕ್ಕದಲ್ಲಿ ಕೂತು ದೋಸೆ ತಿನ್ನುತ್ತಿದ್ದ ಏಳನೇ ಕ್ಲಾಸಿನ ಮಗಳು ಫೋನಿಗೆ ಇಣುಕಿ, ‘ಅಮ್ಮಾ, ಇಲ್ಲಿ ಯಾರೋ ಒಬ್ಬರ ಹೆಸರು ಬರ್ತಿದೆ. ಕಂಪನಿ ಹೆಸರು ಬರಬೇಕಲ್ವಾ?’ ಎಂದಳು.

ಎದೆ ಧಸಕ್ಕೆಂದಿತು. ಟಿಕೆಟ್ ಕಳಿಸಿ ಎಂದು ಕೇಳಿದೆ. ಮೊದಲು ವಿಮೆ ಕಟ್ಟಿ ಎಂದ. ಫೋನ್ ಮಾಡಿದೆ, ಎತ್ತಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ‘ಅಪ್ಪನಿಗೆ, ಅಜ್ಜಿಗೆ ಹೇಳಬೇಡ’ ಎಂದು ಮಗಳ ಬಾಯಿ ಮುಚ್ಚಿಸಿದೆ. ವಾರ ವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವ ನಾನೇ ಮೋಸ ಹೋದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ರಾತ್ರಿ ಊಟಕ್ಕೆ ಕೂತಾಗ ಅತ್ತೆ, ‘ಅಲ್ಲಿ ಚಳಿ ಜಾಸ್ತಿಯಂತೆ, ನನ್ನ ಹಳೇ ಶಾಲು ಸಾಕಾಗುತ್ತೇನಮ್ಮಾ?’ ಎಂದು ಕೇಳಿದರು. ಮಗಳು ತಲೆ ಎತ್ತಲಿಲ್ಲ. ಮಲಗುವ ಮುಂಚೆ ಬಂದು, ‘ನಾನು ಸುಳ್ಳು ಹೇಳ್ತಿದ್ದೀನಾ ಅಮ್ಮಾ?’ ಎಂದಳು.

ಬೆಳಿಗ್ಗೆ ಎದ್ದವಳೇ ನಮ್ಮವರಿಗೆ ಹೇಳಿದೆ. ಅವರು ಬೈಯಲಿಲ್ಲ. 1930ಕ್ಕೆ ಫೋನ್ ಮಾಡಿಸಿದರು. ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಎಷ್ಟು ಹೊತ್ತಿಗೆ, ಎಷ್ಟು ಹಣ, ಯಾವ ಬ್ಯಾಂಕಿನಿಂದ ಹೋಯಿತು ಎಂದೆಲ್ಲ ಕೇಳಿದರು. ಯುಪಿಐನ 12 ಅಂಕಿಯ ವ್ಯವಹಾರ ಸಂಖ್ಯೆಯನ್ನೂ ಬರೆದುಕೊಂಡರು. ಇಂಥ ದೂರು ಬಂದಾಗ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ದಾರಿಯಲ್ಲಿ ಎಲ್ಲಿ ಸಿಕ್ಕರೆ ಅಲ್ಲಿ ಬ್ಯಾಂಕಿನವರು ತಡೆಹಿಡಿಯುತ್ತಾರೆ. ನಮ್ಮದರಲ್ಲಿ ಸಿಕ್ಕಿದ್ದು 3,000 ಮಾತ್ರ. ಉಳಿದದ್ದು ಆ ಒಂದು ರಾತ್ರಿಯಲ್ಲಿ ಕೈ ದಾಟಿ ಹೋಗಿತ್ತು. ಹಣ ಹೋದ ನಿಮಿಷವೇ ಫೋನ್ ಮಾಡಿದ್ದರೆ ಎಷ್ಟು ಉಳಿಯುತ್ತಿತ್ತೋ, ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ.

ಆಮೇಲೆ ತಿಳಿದದ್ದು ಇದು. ಕೇದಾರದ ಹೆಲಿಕಾಪ್ಟರ್ ಟಿಕೆಟ್‌ಗೆ ಐಆರ್‌ಸಿಟಿಸಿಯ ‘ಹೆಲಿಯಾತ್ರಾ’ ಜಾಲತಾಣವೊಂದೇ ಅಧಿಕೃತ. ಅದರ ವಿಳಾಸ ‘ಐಆರ್‌ಸಿಟಿಸಿ ಡಾಟ್ ಕೋ ಡಾಟ್ ಇನ್’ ಎಂದೇ ಮುಗಿಯಬೇಕು. ಮುಂದೆ ಐಆರ್‌ಸಿಟಿಸಿ ಎಂದಿದ್ದು ಕೊನೆಯಲ್ಲಿ ಬೇರೇನೋ ಬಾಲವಿದ್ದರೆ ಅದು ಅವರದಲ್ಲ. ಜಾಲತಾಣದ ವಿಳಾಸವನ್ನು ಬಾಲದ ಕಡೆಯಿಂದಲೇ ಓದಬೇಕು ಎಂದು ನನಗೆ ಕಲಿಸಿದವಳೂ ಮಗಳೇ. ಆ ಬೀಗದ ಗುರುತಿಗೆ, ನಾವು ತುಂಬುವ ವಿವರವನ್ನು ದಾರಿಯಲ್ಲಿ ಮೂರನೆಯವರು ಕದಿಯಲಾರರು ಎಂದಷ್ಟೇ ಅರ್ಥ. ಆ ಕಡೆ ಕೂತವನೇ ಕಳ್ಳನಾದರೆ ಬೀಗ ಏನು ಮಾಡೀತು?

ಇನ್ನೊಂದು ಸಂಗತಿ. ಚಾರ್‌ಧಾಮ್ ಯಾತ್ರೆಗೆ ಉತ್ತರಾಖಂಡ ಸರ್ಕಾರದಲ್ಲಿ ಮೊದಲು ಹೆಸರು ನೋಂದಾಯಿಸಬೇಕು. ಆ ನೋಂದಣಿ ಇಲ್ಲದೆ ಹೆಲಿಯಾತ್ರಾದಲ್ಲಿ ಟಿಕೆಟ್ ಮಾಡಲಾಗದು. ನಮ್ಮ ವಿನಯವಂತ ಹುಡುಗ ಅದರ ಸುದ್ದಿಯನ್ನೇ ಎತ್ತಿರಲಿಲ್ಲ! ನಿಜವಾದ ಕಡೆ ಹತ್ತು ಪ್ರಶ್ನೆ, ಒಟಿಪಿ, ಕಾಯುವಿಕೆ, ಕೊನೆಗೆ ‘ಸೀಟಿಲ್ಲ’ ಎಂಬ ಉತ್ತರ. ಸುಳ್ಳಿನ ಕಡೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು.

ಹೋಂಸ್ಟೇಗಳ ಹೆಸರಿನಲ್ಲೂ ಇಂಥ ಆಟ ನಡೆಯುತ್ತದೆ. ಕೊಡಗು, ಚಿಕ್ಕಮಗಳೂರಿಗೆ ಹೊರಟವರು ಮುಂಗಡ ಕಟ್ಟುವ ಮುಂಚೆ, ಅದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ. ವಿಡಿಯೋ ಕಾಲ್‌ನಲ್ಲಿ ಅಂಗಳ ತೋರಿಸಿ ಎನ್ನಿ, ನಿಜವಾದವರು ಬೇಸರಪಡುವುದಿಲ್ಲ. ‘ಹಣ ವಾಪಸ್ ಮಾಡುತ್ತೇವೆ, ಪಿನ್ ಒತ್ತಿ’ ಎಂದರೆ ಒತ್ತಲೇಬೇಡಿ. ಯುಪಿಐ ಪಿನ್ ಬೇಕಾಗುವುದು ನಮ್ಮ ಹಣ ಹೋಗುವಾಗಲೇ ಹೊರತು ಬರುವಾಗ ಅಲ್ಲ.

ಅತ್ತೆಗೂ ಕೊನೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದಕ್ಕೆ ಆ ಮಗೂನ ಯಾಕೆ ಸುಮ್ಮನಿರಿಸಿದೆ?’ ಎಂದರು. ಹಣದ ಮಾತೇ ಎತ್ತಲಿಲ್ಲ.

ಈಗ ನಾಲ್ವರ ನೋಂದಣಿಯಾಗಿದೆ. ಹೆಲಿಯಾತ್ರಾದಲ್ಲಿ ಎರಡು ಸಲ ಪ್ರಯತ್ನಿಸಿದೆವು. ಬುಕಿಂಗ್ ತೆರೆದ ಸ್ವಲ್ಪ ಹೊತ್ತಿಗೇ ಸೀಟು ಮುಗಿದುಹೋಗುತ್ತದೆ. ಮುಂದಿನ ಸಲ ಫೋನ್ ಹಿಡಿದು ಕೂರುವವಳು ಮಗಳು. ಅತ್ತೆ ಮಾತ್ರ ಯಾವುದಕ್ಕೂ ಇರಲಿ ಎಂದು ದಿನಾ ಸಂಜೆ ಪಾರ್ಕಿಗೆ ನಾಲ್ಕು ಸುತ್ತು ಹಾಕುತ್ತಿದ್ದಾರೆ. ಸೀಟು ಸಿಗದಿದ್ದರೆ ಕುದುರೆ ಹತ್ತುತ್ತಾರಂತೆ.