ಕಡಿದ ಕರೆಗೆ ಹೊಣೆಗಾರರು ಯಾರು?

ಹೈದರಾಬಾದಿನ ಹೋಟೆಲುಗಳಲ್ಲಿ ದುಡಿಯುವ ನಮ್ಮವರು ರಾತ್ರಿ ಉಡುಪಿಗೋ ಕುಂದಾಪುರಕ್ಕೋ, ಕಚೇರಿಗಳ ಗುಮಾಸ್ತರು ರಾಯಚೂರಿಗೋ ಕಲಬುರಗಿಗೋ ಫೋನು ಮಾಡಿದಾಗ, ಆ ಮಾತು ಒಂದೇ ಕಂಪೆನಿಯ ಹಾದಿಯಲ್ಲಿ ಸಾಗಬೇಕೆಂದಿಲ್ಲ. ಕರೆದವರದು ಒಂದು ಕಂಪೆನಿ, ಎತ್ತಿಕೊಂಡವರದು ಇನ್ನೊಂದು. ಇವೆರಡರ ಜಾಲಗಳು ಕೂಡುವ ಸ್ಥಾನಗಳುಂಟು. ಮಾತು ನಡುವೆ ಕಡಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರುವುದು ಸುಲಭ. ಹಣ ತೆತ್ತ ಗ್ರಾಹಕನಿಗಾದರೋ ಒಪ್ಪಂದವಿರುವುದು ತನ್ನ ಕಂಪೆನಿಯೊಡನೆ ಮಾತ್ರ.

ಇದು ಬರಿಯ ಊಹೆಯಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪೆನಿ ಸೇವೆ ಆರಂಭಿಸಿದಾಗ, ಅದರಿಂದ ಇತರ ಕಂಪೆನಿಗಳಿಗೆ ಹೊರಟ ಕರೆಗಳು ಕೂಡುಸ್ಥಾನಗಳಲ್ಲಿಯೇ ಅಪಾರ ಸಂಖ್ಯೆಯಲ್ಲಿ ವಿಫಲವಾದುವು. ಅಲ್ಲಿ ಸಾವಿರಕ್ಕೆ 5ಕ್ಕಿಂತ ಹೆಚ್ಚು ಕರೆಗಳು ವಿಫಲವಾಗಬಾರದೆಂಬುದು ನಿಯಮ. ಜಾಗ ಸಾಲದೆಂದು ಹೊಸಬರು ದೂರಿದರು. ಉಚಿತ ಕರೆಗಳ ಪ್ರವಾಹವೇ ಕಾರಣವೆಂದು ಹಳಬರು ವಾದಿಸಿದರು. ಅದೇ ಅಕ್ಟೋಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಏರ್‌ಟೆಲ್, ವೊಡಾಫೋನ್ ಮತ್ತು ಐಡಿಯಾ ಕಂಪೆನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ವಿಧಿಸುವಂತೆ ಶಿಫಾರಸು ಮಾಡಿತು. ಆದರೆ ದಂಡವೆಂಬುದು ಸರಕಾರದ ಬೊಕ್ಕಸಕ್ಕೆ ಸೇರತಕ್ಕದ್ದು. ಮಾತು ತಲುಪದ ಬಡಪಾಯಿಗೆ ಅದರಿಂದ ಬಿಡಿಗಾಸೂ ಇಲ್ಲ.

ಗ್ರಾಹಕನಿಗೇ ಪರಿಹಾರ ಕೊಡಿಸುವ ಪ್ರಯತ್ನವೂ ನಡೆದಿತ್ತು. ಕಡಿದ ಕರೆಯೊಂದಕ್ಕೆ 1 ರೂಪಾಯಿಯಂತೆ, ದಿನಕ್ಕೆ 3 ಕರೆಗಳವರೆಗೆ ಕೊಡಬೇಕೆಂದು ಟ್ರಾಯ್ 2015ರಲ್ಲಿ ಆಜ್ಞಾಪಿಸಿತು. 2016ರ ಮೇ 11ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. ಶೇಕಡ 2ರಷ್ಟು ಕರೆಗಳು ಕಡಿಯಲು ನಿಯಮವೇ ಆಸ್ಪದವಿತ್ತಿರುವಾಗ, ದೋಷ ಯಾರದೆಂದು ನೋಡದೆ ಎಲ್ಲ ಕರೆಗಳಿಗೂ ಹಣ ತೆರುವಂತೆ ಹೇಳುವುದು ಸಲ್ಲದೆಂಬುದು ನ್ಯಾಯಾಲಯದ ವಾದಸರಣಿ. 2024ರ ನಿಯಮಾವಳಿಯಲ್ಲಿ, ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗಿಂತ ಹೆಚ್ಚು ಕಾಲ ಸ್ಥಗಿತವಾದರೆ ಬಾಡಿಗೆಯಲ್ಲಿ ರಿಯಾಯಿತಿಯೋ ಅವಧಿಯ ವಿಸ್ತರಣೆಯೋ ದೊರೆಯಬೇಕೆಂದು ವಿಧಿಸಲಾಗಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ದಿನನಿತ್ಯ ಕಡಿಯುವ ಮಾತಿಗೆ ಇದರಿಂದ ಮದ್ದಿಲ್ಲ.

ದೊಡ್ಡ ಉದ್ಯಮಗಳ ಸ್ಥಿತಿಯೇ ಬೇರೆ. ಅವು ಸೇವೆಯ ಮಟ್ಟವನ್ನು ಕರಾರಿನಲ್ಲಿ ಬರೆಯಿಸಿಕೊಳ್ಳುತ್ತವೆ. ಶೇಕಡ 99.9ರಷ್ಟು ಕಾಲ ಸೇವೆ ಇರತಕ್ಕದ್ದೆಂದು ಬರೆದರೆ, 30 ದಿನಗಳಲ್ಲಿ ಸುಮಾರು 43 ನಿಮಿಷ ಮಾತ್ರ ತೊಡಕಾಗಬಹುದು. ಮೀರಿದರೆ ಶುಲ್ಕದಲ್ಲಿ ಕಡಿತವೆಂಬ ಷರತ್ತೂ ಜೊತೆಗಿರುತ್ತದೆ. ಸಾಮಾನ್ಯನ ಪಾಲಿಗೆ ಉಳಿದುದು ಸರಾಸರಿಯ ಲೆಕ್ಕ. ಸರಾಸರಿ ಸರಿಯಿದ್ದರೂ ಅವನ ಅಡುಗೆಮನೆಯ ಮೂಲೆಯಲ್ಲಿ ಮಾತು ಕೇಳಿಸದಿರಬಹುದು.

ಬಲ್ಲಿದರಿಗಲ್ಲದೆ ಬಡವರಿಗೂ ಇಂಥ ಕರಾರು ಸಾಧ್ಯವೆಂಬುದಕ್ಕೆ ನಮ್ಮ ಗಲ್ಲಾಪೆಟ್ಟಿಗೆಯ ಬಳಿಯೇ ನಿದರ್ಶನವಿದೆ. ಯುಪಿಐ ಮೂಲಕ ತೆತ್ತ ಹಣವು ಎರಡು ಬ್ಯಾಂಕುಗಳನ್ನೂ ನಡುವಣ ಜಾಲವನ್ನೂ ಹಾಯ್ದು ಬರುತ್ತದೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಂತೆ, ಊರಿಗೆ ಕಳುಹಿದ ಹಣ ಖಾತೆಯಿಂದ ಕಳೆದೂ ಅತ್ತ ಸೇರದಿದ್ದರೆ ಮರುದಿನದೊಳಗೆ ಹಿಂದಿರುಗಬೇಕು. ಅಂಗಡಿಗೆ ಕೊಟ್ಟದ್ದಾದರೆ 5 ದಿನಗಳೊಳಗೆ. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ದೂರಿಗಾಗಿ ಕಾಯದೆ. ಕೊಂಡಿ ಎಲ್ಲಿ ಕಳಚಿತೆಂದು ಹುಡುಕುವ ಹೊರೆಯನ್ನು ಗ್ರಾಹಕನ ತಲೆಗೆ ಕಟ್ಟಿಲ್ಲ.

ಇದೇ ನ್ಯಾಯ ದೂರವಾಣಿಗೂ ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಗ್ರಾಹಕನ ಕೈಯಲ್ಲಿರುವ ಯಂತ್ರದ ದೋಷಕ್ಕೆ ಕಂಪೆನಿಯನ್ನು ದಂಡಿಸುವುದು ಸರಿಯಲ್ಲ. ನ್ಯಾಯಾಲಯದ ಆಕ್ಷೇಪಣೆಗೆ ಅಷ್ಟು ಮನ್ನಣೆ ಸಲ್ಲಲೇಬೇಕು. ಆದರೆ ಜಾಲಗಳಲ್ಲಿಯೋ ಅವು ಕೂಡುವೆಡೆಯಲ್ಲಿಯೋ ತಪ್ಪಾದುದು ದಾಖಲೆಯಿಂದ ತಿಳಿದಾಗ, ಹಣ ಪಡೆದ ಕಂಪೆನಿಯೇ ಮೊದಲು ಉತ್ತರ ಹೇಳಲಿ. ಪಾಲು ಹಂಚಿಕೊಳ್ಳುವ ಲೆಕ್ಕವನ್ನು ಅವರವರಲ್ಲಿಯೇ ಆಮೇಲೆ ಮಾಡಿಕೊಳ್ಳಲಿ.

ಅಲ್ಲಿಯವರೆಗೆ ವಾಚಕರು ಮಾಡಬಹುದಾದುದೊಂದಿದೆ. ಪದೇ ಪದೇ ಕರೆ ಕಡಿದರೆ ಸುಮ್ಮನಿರದೆ ಕಂಪೆನಿಯ ದೂರು ಕೇಂದ್ರಕ್ಕೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದರೆ ಆ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಬರೆಯುವ ಹಕ್ಕುಂಟು. ದೂರು ದಾಖಲಾಗದಿದ್ದರೆ ಸರಾಸರಿಯ ಲೆಕ್ಕದಲ್ಲಿ ನಮ್ಮ ಕಷ್ಟಕ್ಕೆ ಸ್ಥಾನವೇ ಇರುವುದಿಲ್ಲ.